ಹೊಸ ಹವಾಮಾನ ವರದಿಯನ್ನು ಆರಿಸುವ ಕ್ರಮ

ಮಾಜಾಳಿಯಂತಹ ಕರಾವಳಿ ಗ್ರಾಮಗಳಲ್ಲಿ ಮುಂಗಾರಿನ ಭತ್ತಕ್ಕೆ ಮೇಲುಗೊಬ್ಬರ ಕೊಡುವ ಮುನ್ನ ಮಳೆಯ ಮುನ್ಸೂಚನೆ ನೋಡುವುದು ಅವಶ್ಯಕ. ಭಾರೀ ಮಳೆಗೆ ಮುಂಚೆ ಹಾಕಿದ ಯೂರಿಯಾ ನೀರಿನೊಡನೆ ಕೊಚ್ಚಿಹೋಗುತ್ತದೆ. ಭಾರತ ಹವಾಮಾನ ಇಲಾಖೆಯ ಕೃಷಿ ಸಲಹಾ ವರದಿ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಅದರಲ್ಲಿ ಮುಂದಿನ 5 ದಿನಗಳ ಮುನ್ಸೂಚನೆ ಇರುತ್ತದೆ. ಇವನ್ನು ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿ ಕೂಡಿಟ್ಟರೆ ವರ್ಷಕ್ಕೆ ನೂರಕ್ಕೂ ಮಿಕ್ಕಿ ಫೈಲುಗಳಾಗುತ್ತವೆ. ಅವಸರದಲ್ಲಿ ಹಳೆಯದನ್ನು ತೆರೆದರೆ ಗೊಬ್ಬರದ ಹಣ ನಷ್ಟ.

ಇದಕ್ಕೆ ಸ್ಕ್ರಿಪ್ಟ್ ಉಪಯುಕ್ತ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಚಿಕ್ಕ ಫೈಲು. ಅದು ಮಾಡುವ ಕೆಲಸ ಹೀಗಿದೆ:

1. ಫೋಲ್ಡರಿನಲ್ಲಿರುವ ವರದಿಗಳ ಪಟ್ಟಿ ಮಾಡುವುದು.
2. ಹೊಸದು ಮೇಲೆ ಬರುವಂತೆ ಜೋಡಿಸುವುದು.
3. ಮೊದಲನೆಯದನ್ನು ಮಾತ್ರ ತೆರೆಯುವುದು.

ಜೋಡಿಸುವಾಗ ಫೈಲು ಬದಲಾದ ವೇಳೆಯನ್ನೇ ನಂಬಬಾರದು. ಹಳೆಯ ವರದಿಯನ್ನು ಇಂದು ತಿದ್ದಿ ಉಳಿಸಿದರೆ ಅದೇ ಹೊಸದೆಂದು ತೋರುತ್ತದೆ. ಆದ್ದರಿಂದ ಹೆಸರಿನಲ್ಲೇ ದಿನಾಂಕ ಬರೆದು, ಹೆಸರಿನ ಪ್ರಕಾರ ಜೋಡಿಸುವುದು ಒಳ್ಳೆಯದು. ಆದರೆ ದಿನವನ್ನು ಮೊದಲು ಬರೆದರೆ 28-06-2024 ಎಂಬುದು 05-07-2024ಕ್ಕಿಂತ ದೊಡ್ಡದಾಗಿ, ಜೂನ್ ತಿಂಗಳ ವರದಿಯೇ ಮೇಲೆ ಬರುತ್ತದೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 2024-06-28, 2024-07-05 ಎಂದು ಬರೆದರೆ ತಪ್ಪಾಗದು. 5 ಎನ್ನದೆ 05 ಎಂದೇ ಬರೆಯಬೇಕು.

ವಿಸ್ತರಣಾ ಕಾರ್ಯಕರ್ತರು ಇಂತಹ ಸ್ಕ್ರಿಪ್ಟನ್ನು ಒಮ್ಮೆ ಸಿದ್ಧಪಡಿಸಿಕೊಟ್ಟರೆ ಸಾಕು. ಹೊಸ ವರದಿ ಫೋಲ್ಡರಿಗೆ ಸೇರದಿದ್ದರೆ ಸ್ಕ್ರಿಪ್ಟ್ ಹಳೆಯದನ್ನೇ ತೆರೆಯುತ್ತದೆ. ಆದುದರಿಂದ ರೈತರು ವರದಿಯ ಮೇಲಿನ ದಿನಾಂಕವನ್ನು ಓದಿದ ನಂತರವೇ ಗೊಬ್ಬರದ ಚೀಲ ಬಿಚ್ಚಬೇಕು.