ಓಟಗಾರರಿಗೆ ನೀರೆಷ್ಟು, ಉಪ್ಪೆಷ್ಟು?



ಫಜ್ರ್ ಬಳಿಕ ಓಟಕ್ಕೆ, ಸೈಕಲ್ ಸವಾರಿಗೆ ಹೊರಡುವ ಯುವಕರು ನಮ್ಮ ಮೊಹಲ್ಲಾಗಳಲ್ಲಿ ಹೆಚ್ಚುತ್ತಿದ್ದಾರೆ. ಸಂತೋಷದ ವಿಷಯ. ಅದರ ಜೊತೆಗೇ ಸ್ಪೋರ್ಟ್ಸ್ ಡ್ರಿಂಕ್, ಎಲೆಕ್ಟ್ರೋಲೈಟ್ ಪುಡಿ, ಉಪ್ಪಿನ ಮಾತ್ರೆಗಳೂ ಮನೆಗೆ ಬರುತ್ತಿವೆ. ಇವು ನಿಜವಾಗಿ ಬೇಕೇ ಎಂದು ಹೆತ್ತವರು ಕೇಳುತ್ತಾರೆ.

ಬೆವರಿನಲ್ಲಿ ನೀರಿನ ಜೊತೆ ಸೋಡಿಯಂ, ಅಂದರೆ ಉಪ್ಪಿನ ಅಂಶವೂ ಹೋಗುತ್ತದೆ. ಆದರೆ ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ಬರಿ ನೀರು ಸಾಕು. ಹೋದ ಉಪ್ಪನ್ನು ಮನೆಯ ಊಟವೇ ತುಂಬಿಕೊಡುತ್ತದೆ. ಒಂದೂವರೆ ಗಂಟೆ ಮೀರಿದ ಓಟದಲ್ಲಿ ಪಾನೀಯದ ಪ್ರಯೋಜನ ಕಾಣುತ್ತದೆ. ಅದರ ಸಕ್ಕರೆ ಸ್ನಾಯುಗಳಿಗೆ ಇಂಧನ. ಸಕ್ಕರೆ ಮತ್ತು ಉಪ್ಪು ಒಟ್ಟಾಗಿ ಕರುಳು ನೀರನ್ನು ಬೇಗ ಹೀರಿಕೊಳ್ಳಲು ನೆರವಾಗುತ್ತವೆ. ಭೇದಿಗೆ ಕೊಡುವ ಓಆರ್‌ಎಸ್‌ನ ತತ್ವವೂ ಇದೇ. ಆದರೆ ಓಆರ್‌ಎಸ್‌ನಲ್ಲಿ ಉಪ್ಪು ಹೆಚ್ಚು, ಸಕ್ಕರೆ ಕಡಿಮೆ. ಆದ್ದರಿಂದ ಭೇದಿಯಾದ ಮಗುವಿಗೆ ಓಆರ್‌ಎಸ್ ಬದಲು ಸ್ಪೋರ್ಟ್ಸ್ ಡ್ರಿಂಕ್ ಕೊಡಬಾರದು.

ನೀರು ಕಡಿಮೆಯಾದರೆ ಅಪಾಯವೆಂದು ಎಲ್ಲರೂ ಬಲ್ಲರು. ಹೆಚ್ಚಾದರೂ ಅಪಾಯವೆಂದು ಬಲ್ಲವರು ಕಡಿಮೆ. 2002ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ ಯುವತಿಯೊಬ್ಬಳು ಮೃತಪಟ್ಟಳು. ಕಾರಣ ನೀರಿನ ಕೊರತೆಯಲ್ಲ. ಅತಿಯಾಗಿ ಕುಡಿದು ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಂಡಿತ್ತು. ಅದೇ ಓಟದ 488 ಮಂದಿಯ ರಕ್ತ ಪರೀಕ್ಷಿಸಿದ ವೈದ್ಯರು, ಶೇ. 13ರಷ್ಟು ಜನರಲ್ಲಿ ಸೋಡಿಯಂ ತಗ್ಗಿದ್ದನ್ನು ಕಂಡರು. ಓಟದ ಕೊನೆಗೆ ತೂಕ ಹೆಚ್ಚಿದ್ದವರಲ್ಲೇ ಈ ತೊಂದರೆ ಹೆಚ್ಚಾಗಿತ್ತು. ಕುಡಿದದ್ದು ಬರಿ ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಏಕೆಂದರೆ ಇಂಥ ಪಾನೀಯಗಳಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ಲೇಬಲ್‌ನಲ್ಲಿ ಏನೇ ಬರೆದಿರಲಿ, ಮಿತಿಮೀರಿ ಕುಡಿದರೆ ಅದು ರಕ್ಷಿಸದು.

ಹಾಗಾದರೆ ಏನು ಮಾಡಬೇಕು? ಬಾಯಾರಿದಾಗ ಕುಡಿಯಿರಿ, ಬಾಯಾರದಿದ್ದರೂ ಬಾಟಲಿ ಖಾಲಿ ಮಾಡಬೇಕೆಂಬ ಹಟ ಬೇಡ. ದೀರ್ಘ ಓಟದ ಮೊದಲು ಮತ್ತು ನಂತರ ತೂಕ ನೋಡಿ. ಸ್ವಲ್ಪ ಇಳಿಯುವುದು ಸಹಜ. 60 ಕಿಲೋ ತೂಕದವರು ಒಂದೂಕಾಲು ಕಿಲೋಗಿಂತ ಹೆಚ್ಚು ಇಳಿದಿದ್ದರೆ ಮುಂದಿನ ಸಲ ಇನ್ನಷ್ಟು ಕುಡಿಯಬೇಕು. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ. ಚಿಟಿಕೆ ಉಪ್ಪು, ಸಕ್ಕರೆ ಬೆರೆಸಿದ ನಿಂಬೆ ಶರಬತ್ತು ಅಗ್ಗದಲ್ಲಿ ಹೆಚ್ಚಿನ ಕೆಲಸ ಮಾಡುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪ್ಪಿನ ಮಾತ್ರೆ ನುಂಗಬಾರದು. ಕೆಫೀನ್ ತುಂಬಿದ ಎನರ್ಜಿ ಡ್ರಿಂಕ್ ಬೇರೆಯದೇ ವಸ್ತು. ಅದನ್ನು ಮಕ್ಕಳಿಗೆ ಕೊಡಲೇಬೇಡಿ.

ದೀರ್ಘ ಓಟದ ನಂತರ ಯಾರಿಗಾದರೂ ತಲೆನೋವು, ವಾಂತಿ, ಬೆರಳುಗಳ ಊತ ಕಂಡು ಮಾತು ತಡವರಿಸಿದರೆ, ಸುಸ್ತೆಂದು ಭಾವಿಸಿ ಮತ್ತೆ ಮತ್ತೆ ನೀರು ಕುಡಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟು ಕುಡಿದಿದ್ದರೆಂದು ವೈದ್ಯರಿಗೆ ಮರೆಯದೆ ತಿಳಿಸಿ.