ಹೊಸ ಕಂಪೈಲರ್ ಬಂದಾಗ ಹಳೆಯ ಕೋಡ್‌ನ ಗತಿ

ಒಂದೇ ಕೋಡ್ ಹಳೆಯ ಕಂಪೈಲರ್‌ನಲ್ಲೂ ಹೊಸದರಲ್ಲೂ ನಡೆಯಬೇಕಾದರೆ, ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದನ್ನು ಆರಿಸಬೇಕೆಂಬ ಷರತ್ತು ಹಾಕುವುದು ಪ್ರೋಗ್ರಾಮರ್‌ಗಳ ಹಳೆಯ ಉಪಾಯ. ಇದಕ್ಕೆ ಕಂಡಿಷನಲ್ ಕಂಪೈಲೇಷನ್ ಎಂದು ಹೆಸರು. ಇದನ್ನು ಮನೆಮಾತಾಗಿಸಿದ್ದು ಸಿ ಭಾಷೆ. ಡೆನ್ನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆ ಭಾಷೆಯನ್ನು ಕಟ್ಟುತ್ತಿದ್ದಾಗ, 1972–73ರ ಸುಮಾರಿಗೆ, ಕಂಪೈಲ್ ಆಗುವ ಮುನ್ನ ಕೋಡನ್ನು ಅಣಿಗೊಳಿಸುವ ಪ್ರೀಪ್ರೊಸೆಸರ್ ಅದಕ್ಕೆ ಸೇರಿತು. ಮೊದಮೊದಲು ಅದು ಬೇರೆ ಫೈಲುಗಳನ್ನು ತಂದು ಸೇರಿಸುತ್ತಿತ್ತು, ಹೆಸರಿನ ಜಾಗದಲ್ಲಿ ಬೆಲೆ ಇಡುತ್ತಿತ್ತು, ಅಷ್ಟೇ. ಷರತ್ತುಗಳು ಬಂದದ್ದು ಆಮೇಲೆ, ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅದನ್ನು ಬೆಳೆಸಿದಾಗ.

1989ರಲ್ಲಿ ಸಿ ಭಾಷೆಗೆ ಆನ್ಸಿ ಮಾನದಂಡ ಬಂದಾಗ ಈ ಸೌಲಭ್ಯವೇ ಕೈಹಿಡಿಯಿತು. ಫಂಕ್ಷನ್‌ಗೆ ಕೊಡುವ ಮೌಲ್ಯಗಳ ಬಗೆಯನ್ನು ಮೊದಲೇ ಸಾರುವ ಹೊಸ ಪದ್ಧತಿ ಹಳೆಯ ಕಂಪೈಲರ್‌ಗಳಿಗೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಹೆಡರ್ ಫೈಲುಗಳಲ್ಲಿ ಎರಡೂ ಬಗೆಯ ಘೋಷಣೆ ಬರೆದು, ನಡುವೆ ‘ಇಫ್‌ಡೆಫ್’ ಎಂಬ ಷರತ್ತು ಇಟ್ಟರು. ಯಂತ್ರಕ್ಕೊಂದು, ಆವೃತ್ತಿಗೊಂದು ಎಂದು ಈ ಷರತ್ತುಗಳು ಬೆಳೆಯುತ್ತಾ ಹೋದಂತೆ ಕೋಡ್ ಓದುವುದೇ ಕಷ್ಟವಾಯಿತು. ಯಾವ ಸಾಲು ನಿಜಕ್ಕೂ ಕಂಪೈಲ್ ಆಗುತ್ತದೆಂದು ಬರೆದವರಿಗೂ ಹೊಳೆಯದ ಸ್ಥಿತಿ. ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕೋಲಿಯರ್ 1992ರಲ್ಲಿ ಇದರ ವಿರುದ್ಧವೇ ಪ್ರಬಂಧ ಬರೆದರು. ವ್ಯತ್ಯಾಸಗಳನ್ನು ಸಾಲುಸಾಲಿಗೆ ಚೆಲ್ಲದೆ ಬೇರೆ ಫೈಲುಗಳಲ್ಲಿ ಅಡಗಿಸಿಡಿ ಎಂಬ ಅವರ ಸಲಹೆ ಇಂದಿಗೂ ಹಳತಾಗಿಲ್ಲ.

ಭಾಷೆಯ ವ್ಯಾಕರಣವೇ ಬದಲಾದರೆ ತೊಡಕು ಇನ್ನೂ ದೊಡ್ಡದು. ಆಪಲ್ 2014ರಲ್ಲಿ ಹೊರತಂದ ಸ್ವಿಫ್ಟ್ ಭಾಷೆ ಮೊದಲ ವರ್ಷಗಳಲ್ಲಿ ಬಹಳ ಬದಲಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ಸ್ವಿಫ್ಟ್ 3, ‘++’ ಚಿಹ್ನೆಯನ್ನೂ ಸಿ ಶೈಲಿಯ ‘ಫಾರ್’ ಲೂಪನ್ನೂ ತೆಗೆದುಹಾಕಿತು. ಲೈಬ್ರರಿಯ ಅನೇಕ ಹೆಸರುಗಳೂ ಬದಲಾದವು. ಅದಕ್ಕೂ ಮೊದಲೇ, ಅದೇ ವರ್ಷದ ಮಾರ್ಚ್‌ನಲ್ಲಿ, 2.2ನೇ ಆವೃತ್ತಿ ಭಾಷೆಯ ಆವೃತ್ತಿಯನ್ನೇ ಕೇಳುವ ಷರತ್ತನ್ನು ಕೊಟ್ಟಿತ್ತು. ಸ್ವಿಫ್ಟ್‌ನ ಉಳಿದ ಷರತ್ತುಗಳಲ್ಲಿ ಬಿಟ್ಟುಬಿಡುವ ಭಾಗವೂ ವ್ಯಾಕರಣಬದ್ಧವಾಗಿರಬೇಕಿತ್ತು. ಈ ಹೊಸ ಷರತ್ತಿನಲ್ಲಿ ಮಾತ್ರ ಕಂಪೈಲರ್ ತನಗೆ ಒಗ್ಗದ ಭಾಗದ ವ್ಯಾಕರಣ ನೋಡುವ ಗೋಜಿಗೇ ಹೋಗುವುದಿಲ್ಲ. ಚಿಕ್ಕ ವಿನಾಯಿತಿಯಂತೆ ಕಂಡರೂ ಎಲ್ಲವೂ ನಿಂತಿರುವುದು ಇದರ ಮೇಲೆಯೇ: ನಾಳಿನ ವ್ಯಾಕರಣ ಇಂದಿನ ಕಂಪೈಲರ್‌ಗೆ ತಿಳಿದಿರುವುದಾದರೂ ಹೇಗೆ?

ಗೋ ಭಾಷೆ ಹಿಡಿದ ದಾರಿ ಬೇರೆ. 2012ರ ಮಾರ್ಚ್‌ನಲ್ಲಿ ಗೋ 1 ಬಂದಾಗಲೇ, ಅದಕ್ಕೆ ಬರೆದ ಕೋಡ್ ಮುಂದಿನ 1.x ಆವೃತ್ತಿಗಳಲ್ಲೂ ನಡೆಯುತ್ತದೆಂದು ಗೂಗಲ್‌ನ ತಂಡ ಮಾತು ಕೊಟ್ಟಿತು. ಆದರೂ ಒಂದು ತಪ್ಪನ್ನು ತಿದ್ದಲೇಬೇಕಿತ್ತು. ಲೂಪಿನ ಎಲ್ಲ ಸುತ್ತುಗಳೂ ಒಂದೇ ವೇರಿಯಬಲ್ ಹಂಚಿಕೊಳ್ಳುತ್ತಿದ್ದುದರಿಂದ ಅನುಭವಿಗಳೂ ಎಡವುತ್ತಿದ್ದರು. 2024ರ ಫೆಬ್ರವರಿಯಲ್ಲಿ ಬಂದ 1.22 ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಕೊಟ್ಟಿತು. ಆದರೆ ‘ಗೋ.ಮಾಡ್’ ಫೈಲಿನಲ್ಲಿ 1.22 ಅಥವಾ ಅದಕ್ಕಿಂತ ಮುಂದಿನ ಆವೃತ್ತಿಯನ್ನು ನಮೂದಿಸಿದ ಮಾಡ್ಯೂಲ್‌ಗಳಿಗೆ ಮಾತ್ರ. ಹಳೆಯ ಸಂಖ್ಯೆ ಇರುವವು ಹೊಸ ಕಂಪೈಲರ್‌ನಲ್ಲೂ ಹಳೆಯ ಅರ್ಥದಲ್ಲೇ ನಡೆಯುತ್ತವೆ. ಕೋಡ್‌ನ ಉದ್ದಕ್ಕೂ ಷರತ್ತು ಚೆಲ್ಲುವ ಹೊರೆಯನ್ನು ಕಂಪೈಲರ್ ತಾನೇ ಹೊತ್ತ ಈ ಪದ್ಧತಿಯೇ ಮೇಲು. ಆ ಸಂಖ್ಯೆಯನ್ನು ಏರಿಸುವ ಮುನ್ನ ಟೆಸ್ಟ್‌ಗಳನ್ನೆಲ್ಲ ಒಮ್ಮೆ ಓಡಿಸಿ ನೋಡುವ ಕೆಲಸವಂತೂ ಪ್ರೋಗ್ರಾಮರ್‌ನದೇ.