ಹಲ್ಲಿಲ್ಲದ ಹುಳು ಮಾಂಸ ತಿನ್ನುವ ಬಗೆ

ಪ್ರಶ್ನೆ: ಸತ್ತ ಪ್ರಾಣಿಯ ಮೈಯಲ್ಲಿ ಮಿಜಿಗುಡುವ ಬಿಳಿ ಹುಳುಗಳಿಗೆ ಹಲ್ಲೇ ಇಲ್ಲವಂತೆ. ಮತ್ತೆ ತಿನ್ನುವುದು ಹೇಗೆ?

ಅವು ನೊಣದ ಮರಿಗಳು. ಬಾಯಲ್ಲಿರುವುದು ಎರಡು ಕಪ್ಪು ಕೊಕ್ಕೆ ಮಾತ್ರ. ಕೊಕ್ಕೆಯಿಂದ ಮಾಂಸ ಕೆರೆದು, ಅದರ ಮೇಲೆ ಜೀರ್ಣರಸ ಉಗುಳುತ್ತವೆ. ಹಲ್ಲು ಬಿದ್ದ ಅಜ್ಜಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುವಂತೆ, ಮಾಂಸ ಮೆತ್ತಗಾಗಿ ಕರಗಿದ ಮೇಲೆ ಹೀರಿಕೊಳ್ಳುತ್ತವೆ. ಉಸಿರಾಡುವ ಮುಖ್ಯ ರಂಧ್ರಗಳಿರುವುದು ಹಿಂಬದಿಯಲ್ಲಿ. ಹಾಗಾಗಿ ತಲೆ ಹುದುಗಿಸಿಕೊಂಡೇ ಬಿಡುವಿಲ್ಲದೆ ಉಣ್ಣಬಲ್ಲವು. ಎಂಥ ಅಚ್ಚುಕಟ್ಟಾದ ಏರ್ಪಾಡು! ನೂರಾರು ಹುಳು ಒಟ್ಟಾದರೆ ಆ ಗುಂಪೇ ಬಿಸಿಯೇರುತ್ತದೆ, ಕೆಲಸ ಇನ್ನೂ ಚುರುಕಾಗುತ್ತದೆ.

ದಯವಿಟ್ಟು ಅಸಹ್ಯಪಡಬೇಡಿ. ಹೆಣದ ಸಾರ ಬೇಗ ಮಣ್ಣಿಗೂ ಹಕ್ಕಿಗಳ ಹೊಟ್ಟೆಗೂ ಸೇರುವುದು ಇವುಗಳಿಂದಲೇ. ಹೊಳೆಯುವ ಒಂದು ಜಾತಿಯ ಹಸಿರು ನೊಣದ ಮರಿಗಳು ಗಾಯದ ಸತ್ತ ಭಾಗವನ್ನೇ ಹೆಚ್ಚಾಗಿ ತಿನ್ನುತ್ತವೆ. ವಾಸಿಯಾಗದ ಹುಣ್ಣುಗಳನ್ನು ಇವುಗಳಿಂದ ಶುಚಿಗೊಳಿಸಲು ಅಮೆರಿಕ 2004ರಲ್ಲಿ ಅನುಮತಿ ಕೊಟ್ಟಿತು.